ಶಾಲಾ ಪೀಡನೆ ಮತ್ತು ಆತ್ಮಗೌರವ: ಅಧ್ಯಯನದ ಇತಿಹಾಸ

ಸಹಪಾಠಿಗಳೇ ಒಬ್ಬ ವಿದ್ಯಾರ್ಥಿಯನ್ನು ಮೇಲಿಂದ ಮೇಲೆ ಹೊಡೆದು, ಹೀಯಾಳಿಸಿ, ಗುಂಪಿನಿಂದ ಹೊರಗಿಟ್ಟು ಕಾಡುವುದೇ ಶಾಲಾ ಪೀಡನೆ. ಈ ಚಾಳಿ ಹಳೆಯದು. ಥಾಮಸ್ ಹ್ಯೂಸ್ 1857ರಲ್ಲಿ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯಲ್ಲಿ ಫ್ಲ್ಯಾಶ್‌ಮನ್ ಎಂಬ ಹಿರಿಯ ಹುಡುಗ ಕಿರಿಯರನ್ನು ಗೋಳುಹೊಯ್ದುಕೊಳ್ಳುತ್ತಾನೆ. ಆದರೆ ವಿದ್ವಾಂಸರು ಇದರತ್ತ ಕಣ್ಣುಹಾಯಿಸಲು ಇನ್ನೂ ನೂರು ವರ್ಷ ಹಿಡಿಯಿತು.

1969ರಲ್ಲಿ ಸ್ವೀಡನ್‌ನ ವೈದ್ಯ ಪೀಟರ್-ಪಾಲ್ ಹೈನೆಮನ್ ಬರೆದ ಲೇಖನ ಅಲ್ಲಿ ಚರ್ಚೆ ಹುಟ್ಟಿಸಿತು. ಗುಂಪು ಒಮ್ಮೆಲೇ ಒಂಟಿ ಮಗುವಿನ ಮೇಲೆ ಎರಗುತ್ತದೆ ಎಂಬುದು ಅವರ ಗ್ರಹಿಕೆ. ಮನೋವಿಜ್ಞಾನಿ ಡಾನ್ ಓಲ್ವೆಯುಸ್ (1931–2020) ಅದನ್ನು ಒಪ್ಪಲಿಲ್ಲ. 1973ರ ತಮ್ಮ ಪುಸ್ತಕದಲ್ಲಿ ಅವರು, ಕಾಡುವವರು ಕೆಲವರೇ, ಅವರ ಕೈಗೆ ಸಿಕ್ಕುವವರೂ ವರ್ಷಗಟ್ಟಲೆ ಅದೇ ಕೆಲವು ಮಕ್ಕಳು ಎಂದು ತೋರಿಸಿದರು. ಕೆಡುಕಿನ ಉದ್ದೇಶ, ಪುನರಾವರ್ತನೆ, ಬಲದ ಅಸಮತೋಲನ ಎಂಬ ಮೂರು ಲಕ್ಷಣಗಳ ವ್ಯಾಖ್ಯೆ ಅವರಿಂದಲೇ ರೂಢಿಗೆ ಬಂತು.

ಪೀಡಕನ ಅಬ್ಬರದ ಹಿಂದೆ ಕೀಳರಿಮೆ ಅಡಗಿರುತ್ತದೆ ಎಂಬ ಮಾತು ಇಂದಿಗೂ ಶಿಕ್ಷಕರ ಕೊಠಡಿಗಳಲ್ಲಿ ಕೇಳಿಬರುತ್ತದೆ. ಓಲ್ವೆಯುಸ್ ಇದನ್ನು ಒತ್ತಡದ ಹಾರ್ಮೋನುಗಳನ್ನು ಅಳೆದು ಕೂಡ ಪರೀಕ್ಷಿಸಿದರು; ಆಧಾರ ಸಿಗಲಿಲ್ಲ. ಪೀಡಕರಿಗೆ ಅಳುಕು ಕಡಿಮೆಯೇ ಇತ್ತು. ಆತ್ಮಗೌರವ ಕುಸಿದಿದ್ದುದು ಪೀಡಿತರಲ್ಲಿ. ಕನ್ನಡಕ, ಕೆಂಗೂದಲು, ದಪ್ಪ ಮೈಗಳಿಂದಾಗಿ ಮಕ್ಕಳು ಪೀಡನೆಗೆ ಗುರಿಯಾಗುತ್ತಾರೆ ಎಂಬ ನಂಬಿಕೆಯೂ ನಿಲ್ಲಲಿಲ್ಲ.

1982ರ ಕೊನೆಯಲ್ಲಿ ಉತ್ತರ ನಾರ್ವೆಯ 10ರಿಂದ 14 ವರ್ಷದ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಿರುಕುಳವೇ ಕಾರಣವಿರಬೇಕೆಂದು ಪತ್ರಿಕೆಗಳು ಬರೆದವು. ಮರುವರ್ಷವೇ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನ ಹೂಡಿತು. ಹೆಸರು ಬರೆಯದೆ ತುಂಬುವ ಪ್ರಶ್ನಾವಳಿಗೆ ಸುಮಾರು 1,30,000 ಮಕ್ಕಳು ಉತ್ತರಿಸಿದರು, ಶೇ. 15ರಷ್ಟು ಮಂದಿ ಪೀಡಕರಾಗಿಯೋ ಪೀಡಿತರಾಗಿಯೋ ಇದರಲ್ಲಿ ಸಿಲುಕಿದ್ದರು. ಬರ್ಗೆನ್‌ನ 42 ಶಾಲೆಗಳಲ್ಲಿ ಬಿಡುವಿನ ವೇಳೆ ಅಂಗಳದಲ್ಲಿ ಶಿಕ್ಷಕರ ನಿಗಾ, ತರಗತಿಯ ನಿಯಮಗಳು, ಪೋಷಕರೊಂದಿಗೆ ಮಾತುಕತೆ ಇವೆಲ್ಲ ನಡೆದು, ಎರಡು ವರ್ಷಗಳಲ್ಲಿ ಪೀಡನೆ ಸುಮಾರು ಅರ್ಧಕ್ಕಿಳಿಯಿತು. ರೋಗಲಾಂಡ್‌ನ ಶಾಲೆಗಳಲ್ಲಿ ಅಂಥ ಫಲ ಕಾಣಲಿಲ್ಲ ಎಂಬುದನ್ನು ಅಭಿಯಾನದ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ.

ಆತ್ಮಗೌರವವನ್ನು ಅಳೆಯುವ ಸಾಧನ ಬಂದದ್ದು ಬೇರೆ ದಿಕ್ಕಿನಿಂದ. ಅಮೆರಿಕದ ಸಮಾಜವಿಜ್ಞಾನಿ ಮಾರಿಸ್ ರೋಸೆನ್‌ಬರ್ಗ್ ನ್ಯೂಯಾರ್ಕ್ ರಾಜ್ಯದ 5,024 ಪ್ರೌಢಶಾಲಾ ವಿದ್ಯಾರ್ಥಿಗಳ ಅಧ್ಯಯನದಿಂದ 1965ರಲ್ಲಿ ಪ್ರಕಟಿಸಿದ ಹತ್ತು ಹೇಳಿಕೆಗಳ ಮಾಪಕ ಇಂದಿಗೂ ಚಾಲ್ತಿಯಲ್ಲಿದೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಎಷ್ಟು ನಂಬಬೇಕು ಎಂಬ ತೊಡಕು ಉಳಿದೇ ಇತ್ತು. ಫಿನ್ಲೆಂಡ್‌ನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1999ರ ಅಧ್ಯಯನದಲ್ಲಿ 14–15ರ ಹರೆಯದವರ ಬಗ್ಗೆ ಓರಗೆಯವರನ್ನೂ ಕೇಳಿದರು. ತನ್ನನ್ನು ಮೆರೆಸಿಕೊಳ್ಳುವ, ಟೀಕೆ ತಾಳದ ಬಗೆಯ ಆತ್ಮಗೌರವವೇ ಪೀಡಕರಲ್ಲಿ ಎದ್ದು ಕಂಡಿತು. ಇತ್ತ ಸೂಸನ್ ಈಗನ್ ಮತ್ತು ಡೇವಿಡ್ ಪೆರಿ 1998ರಲ್ಲಿ, ಕುಗ್ಗಿದ ಆತ್ಮಗೌರವ ಪೀಡನೆಯ ಪರಿಣಾಮ ಮಾತ್ರವಲ್ಲ, ಮುಂದಿನ ಪೀಡನೆಗೆ ದಾರಿಯೂ ಆಗುತ್ತದೆ ಎಂದು ತೋರಿಸಿದ್ದರು.