ಪಾಚಿಯ ಲೆಕ್ಕ

ಗಾಜಿನ ತೊಟ್ಟಿಯಲ್ಲಿ ಮೀನು, ಗಿಡ ಎರಡನ್ನೂ ಜೊತೆಗಿಟ್ಟು ಬದುಕಿಸಿದ ಪ್ರಯೋಗವನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಕೆಮಿಕಲ್ ಸೊಸೈಟಿಗೆ ತಿಳಿಸಿದ. ಎಲೆ ಕೊಳೆತು, ನೀರು ಕದಡಿ, ಗಾಜಿಗೆಲ್ಲ ಪಾಚಿ ಹತ್ತಿದಾಗ ಅವನು ತಂದು ಬಿಟ್ಟದ್ದು ಕೊಳದ ಬಸವನಹುಳುಗಳನ್ನು! ಅವು ಕೊಳೆತದ್ದನ್ನು ತಿಂದು ನೀರು ತಿಳಿಯಾಯಿತು.

ಬಾದಾಮಿಯಲ್ಲಿ ಭೂತನಾಥ ಗುಡಿಯ ಮುಂದಿನ ಅಗಸ್ತ್ಯತೀರ್ಥದ ಹಸಿರು ನೀರು ಕಂಡವರು ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳನ್ನೇ ಬೈಯುತ್ತಾರೆ. ಸಾಬೂನುಪುಡಿಯ ರಂಜಕ ಪಾಚಿಗೆ ಗೊಬ್ಬರ, ನಿಜ. ಚರಂಡಿಯ ನೀರೂ ಹೊಲದ ಗೊಬ್ಬರವೂ ಯಾವ ಕೆರೆಗಾದರೂ ಅದನ್ನೇ ಉಣಿಸುತ್ತವಲ್ಲ? ಬೈಗುಳ ಮಾತ್ರ ನಮ್ಮ ಪಾಲಿಗೆ.

ಕಲಾದಗಿಯ ನಮ್ಮ ಮನೆಯ ತೊಟ್ಟಿಯಲ್ಲಿಯೂ ಲೆಕ್ಕ ಅದೇ. ಗಿಡ ದಟ್ಟವಾದ ಮೇಲೆಯೇ ಗೊಬ್ಬರ, ಅದೂ ಹನಿಯಷ್ಟು. ದಿನಕ್ಕೆ ಏಳೆಂಟು ತಾಸು ಬೆಳಕು. ವಾರಕ್ಕೊಮ್ಮೆ ಕಾಲುಭಾಗ ಹೊಸ ನೀರು. ಗಾಜು ಕೆರೆಯುವ ಕೆಲಸ ಬಸವನಹುಳುಗಳದ್ದು.