ಯುದ್ಧದಲ್ಲಿ ಕಣ್ಣು ಕಳೆದುಕೊಂಡವರು ಮತ್ತು ನಮ್ಮ ಕನ್ನಡ ಬ್ರೈಲ್

ಮಹಾಯುದ್ಧಗಳ ಪಾಠ ಓದುವಾಗ ನಾವು ಇಸವಿಗಳನ್ನು, ಒಪ್ಪಂದಗಳನ್ನು, ಸತ್ತವರ ಸಂಖ್ಯೆಯನ್ನು ಬಾಯಿಪಾಠ ಮಾಡುತ್ತೇವೆ. ಸಾಯದೆ, ಕೈಯೋ ಕಾಲೋ ಕಣ್ಣೋ ಕಳೆದುಕೊಂಡು ಊರಿಗೆ ಮರಳಿದವನ ಕಥೆ ಅಲ್ಲಿ ಬರುವುದಿಲ್ಲ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನೊಬ್ಬ ಕಾಲು ಕಳೆದುಕೊಂಡರೆ ಅವನ ಮನೆಯ ಒಲೆ ಹೇಗೆ ಉರಿಯಬೇಕು ಎಂದು ಯೋಚಿಸಿ ನೋಡಿ. ಅಂಥ ಮನೆಗಳು 1918ರಲ್ಲಿ ಲಕ್ಷಗಟ್ಟಲೆ ಇದ್ದವು.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ 41,000ಕ್ಕೂ ಹೆಚ್ಚು ಸೈನಿಕರು ಕೈ ಅಥವಾ ಕಾಲು ಕಳೆದುಕೊಂಡರು. ಹಿಂದಿನ ಯುದ್ಧಗಳ ಊನಗೊಂಡ ಸಿಪಾಯಿಗಳು ಲಂಡನ್ನಿನ ಬೀದಿಗಳಲ್ಲಿ ಭಿಕ್ಷೆ ಬೇಡುವುದು ಹೊಸ ನೋಟವೇನೂ ಆಗಿರಲಿಲ್ಲ. ಈ ಸಲ ಬರೀ ಪಿಂಚಣಿ ಸಾಲದು, ಕಸುಬನ್ನೂ ಕಲಿಸಬೇಕು ಎಂಬ ವಿಚಾರ ಬಲವಾಯಿತು. 1915ರಲ್ಲಿ ರೋಹ್ಯಾಂಪ್ಟನ್ ಎಂಬಲ್ಲಿ ಕೃತಕ ಅಂಗ ಜೋಡಿಸುವ ಆಸ್ಪತ್ರೆ ತೆರೆಯಿತು. ಅದೇ ವರ್ಷ ಆರ್ಥರ್ ಪಿಯರ್ಸನ್ ಎಂಬ ಪತ್ರಿಕೋದ್ಯಮಿ ಯುದ್ಧದಲ್ಲಿ ಕುರುಡಾದವರಿಗಾಗಿ 'ಸೇಂಟ್ ಡನ್‌ಸ್ಟನ್ಸ್' ಸಂಸ್ಥೆ ಕಟ್ಟಿದರು. ಅವರೂ ದೃಷ್ಟಿ ಕಳೆದುಕೊಂಡವರೇ. ಅಲ್ಲಿ ಬ್ರೈಲ್ ಓದು, ಬುಟ್ಟಿ ಹೆಣೆಯುವುದು, ಕೋಳಿ ಸಾಕಣೆ, ಅಂಗಮರ್ದನ, ಟೆಲಿಫೋನ್ ಕೆಲಸ ಎಲ್ಲವನ್ನೂ ಕಲಿಸಿದರು. ಉರ್ದುವಿನಲ್ಲಿ 'ತಾಲೀಮ್' ಎಂದರೆ ವಿದ್ಯೆ, ಕನ್ನಡದಲ್ಲಿ 'ತಾಲೀಮು' ಎಂದರೆ ಅಭ್ಯಾಸ. ಅಲ್ಲಿ ನಡೆದದ್ದಕ್ಕೆ ಎರಡು ಅರ್ಥವೂ ಸಲ್ಲುತ್ತದೆ.

ಭಾರತದವರ ಗತಿಯೇನು? ಆ ಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಗರದಾಚೆ ಸೇವೆಗೆ ಹೋದರು. ನಮ್ಮ ಮೈಸೂರು ಸಂಸ್ಥಾನದ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕಾಗಿ ಹೋರಾಡಿತು. ಮೆಸೊಪೊಟೇಮಿಯದ ಗಾಯಾಳುಗಳನ್ನು ಹಡಗುಗಳು ಬೊಂಬಾಯಿಗೆ ತಂದು ಇಳಿಸುತ್ತಿದ್ದವು. ಅಲ್ಲಿ 1917ರಲ್ಲಿ, ಗವರ್ನರರ ಪತ್ನಿ ಲೇಡಿ ವಿಲ್ಲಿಂಗ್ಡನ್ ಅವರ ಪ್ರಯತ್ನದಿಂದ ಊನಗೊಂಡ ಸೈನಿಕರಿಗೆ ಕ್ವೀನ್ ಮೇರಿ ತಾಂತ್ರಿಕ ಶಾಲೆ ಆರಂಭವಾಯಿತು. ಹೊಲಿಗೆ, ಯಂತ್ರದಲ್ಲಿ ಹೆಣಿಗೆ, ಮೋಟಾರು ರಿಪೇರಿ ಮುಂತಾದವನ್ನು ಕಲಿಸುತ್ತಿದ್ದರು. ಆಗ ಸಾಗರದಿಂದ ಸಿದ್ದಾಪುರದ ಕಡೆ ಗಡಿ ದಾಟಿದರೆ ಬೊಂಬಾಯಿ ಪ್ರಾಂತ್ಯವೇ. ಆ ಶಾಲೆ ಮುಂದೆ ಪುಣೆಯ ಖಡ್ಕಿಗೆ ಬಂತು, ಇಂದಿಗೂ ನಡೆಯುತ್ತಿದೆ. ಕೆಲಸ ಒಳ್ಳೆಯದೇ. ಆದರೆ ಅಷ್ಟು ಜನ ಸಿಪಾಯಿಗಳನ್ನು ಕಳಿಸಿದ ದೇಶಕ್ಕೆ ಅದು ಬಹಳ ಚಿಕ್ಕದಾಗಿತ್ತು ಎನ್ನದೆ ವಿಧಿಯಿಲ್ಲ.

ಎರಡನೆಯ ಯುದ್ಧದ ಹೊತ್ತಿಗೆ, 1944ರಲ್ಲಿ, ಬ್ರಿಟನ್ ಕಾಯ್ದೆಯನ್ನೇ ಮಾಡಿತು. 20 ಅಥವಾ ಹೆಚ್ಚು ನೌಕರರಿರುವ ಮಾಲೀಕರು ಶೇಕಡಾ 3ರಷ್ಟು ಕೆಲಸ ಅಂಗವಿಕಲರಿಗೆ ಕೊಡಬೇಕು. ಅವರಿಗೆಂದೇ ಕಾದಿರಿಸಿದ ಕೆಲಸ ಯಾವುವು ಗೊತ್ತೇ? ಲಿಫ್ಟ್ ನಡೆಸುವುದು, ಕಾರು ನಿಲ್ಲಿಸುವ ಜಾಗ ಕಾಯುವುದು! ಕಲಿತವನ ಕೈಗೆ ಇಷ್ಟೇ ಸಾಕು ಎಂದು ಯಾರು ನಿರ್ಧರಿಸಿದರೋ.

ನಮಗೆ ನೇರವಾಗಿ ಸಂಬಂಧಿಸಿದ ಸಂಗತಿ ನಡೆದದ್ದು ಡೆಹ್ರಾಡೂನಿನಲ್ಲಿ. ಕ್ಲೂತಾ ಮೆಕೆಂಜಿ ನ್ಯೂಜಿಲೆಂಡಿನ ಸೈನಿಕ. 1915ರಲ್ಲಿ ಗಲ್ಲಿಪೋಲಿಯಲ್ಲಿ ಎರಡೂ ಕಣ್ಣು ಹೋದವು. ಪಿಯರ್ಸನ್ನರ ಸೇಂಟ್ ಡನ್‌ಸ್ಟನ್ಸ್‌ನಲ್ಲೇ ಅವರು ಮತ್ತೆ ಬದುಕು ಕಲಿತರು. ಎರಡನೆಯ ಯುದ್ಧದಲ್ಲಿ ಕುರುಡಾದ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಅದೇ ಹೆಸರಿನ ತರಬೇತಿ ನಿಲಯ ತೆರೆದಾಗ ಅದನ್ನು ನಡೆಸಿದವರು ಇವರೇ.

ಆಗ ಭಾರತದಲ್ಲಿ ಒಂದೇ ಬ್ರೈಲ್ ಇರಲಿಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಇತ್ತು, ಬೇರೆ ಊರುಗಳಲ್ಲೂ ಇದ್ದವು. ಆದರೆ ಪ್ರಾಂತ್ಯಕ್ಕೊಂದು ಚುಕ್ಕಿ ಲಿಪಿ. ಒಂದು ಕಡೆ ಅಚ್ಚಾದ ಪುಸ್ತಕ ಇನ್ನೊಂದು ಕಡೆಯವರ ಬೆರಳಿಗೆ ದಕ್ಕುತ್ತಿರಲಿಲ್ಲ. ಬೇರೆ ಬೇರೆ ಭಾಷೆಯ ಸಿಪಾಯಿಗಳು ಒಂದೇ ಸೂರಿನಡಿ ಕೂತಾಗ ಈ ತೊಂದರೆ ಕಣ್ಣಿಗೆ ಹೊಡೆಯುವಂತಿತ್ತು. ಏಕರೂಪದ ಲಿಪಿಗಾಗಿ ದುಡಿದವರಲ್ಲಿ ಮೆಕೆಂಜಿಯೂ ಒಬ್ಬರು. ಮುಂದೆ ಯುನೆಸ್ಕೊ ಇದೇ ಕೆಲಸವನ್ನು ಅವರಿಗೆ ವಹಿಸಿತು. 1951ರಲ್ಲಿ 'ಭಾರತಿ ಬ್ರೈಲ್' ಅಂಗೀಕಾರವಾಯಿತು, ಡೆಹ್ರಾಡೂನಿನಲ್ಲಿ ಬ್ರೈಲ್ ಮುದ್ರಣಾಲಯವೂ ಆರಂಭವಾಯಿತು. ಆ ಸೈನಿಕರ ನಿಲಯವೇ 1950ರಲ್ಲಿ ಭಾರತ ಸರ್ಕಾರದ ಕೈಗೆ ಬಂದು, ಬೆಳೆದು, ಇಂದು ದೃಷ್ಟಿದೋಷವುಳ್ಳವರ ರಾಷ್ಟ್ರೀಯ ಸಂಸ್ಥೆಯಾಗಿದೆ.

ಇಂದು ಕನ್ನಡದ ಅಂಧ ಮಕ್ಕಳು ಓದುವುದು ಈ ಭಾರತಿ ಬ್ರೈಲನ್ನೇ. ಆರು ಚುಕ್ಕಿಗಳ ಮನೆಯಲ್ಲಿ ಎಡಸಾಲಿನ ಮೇಲಿನ ಚುಕ್ಕಿ ಮತ್ತು ಕೆಳಗಿನ ಚುಕ್ಕಿ ಎದ್ದಿದ್ದರೆ ಅದು ಕನ್ನಡದ 'ಕ'. ಉರ್ದುವಿನ 'ಕಾಫ್' ಕೂಡ ಅದೇ ಎರಡು ಚುಕ್ಕಿ, ಇಂಗ್ಲಿಷಿನ 'ಕೆ' ಕೂಡ ಅದೇ.