ಸೊಂಟನೋವೂ ಸೆಳೆತದ ಚಿಕಿತ್ಸೆಯೂ

ಸೊಂಟ ಹಿಡಿದು ನರಳುವವನಿಗೆ, ಯಾರಾದರೂ ಬೆನ್ನನ್ನು ಹಿಡಿದೆಳೆದರೆ ಸುಖವಾದೀತೆಂಬ ಆಸೆ ಸಹಜವಾದುದು. ಆಸ್ಪತ್ರೆಗಳಲ್ಲಿ ಟ್ರ್ಯಾಕ್ಷನ್ ಎಂದು ಕರೆಯುವ ಸೆಳೆತದ ಚಿಕಿತ್ಸೆಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದು ಹೇಗೆ ಬೆಳೆಯಿತು, ಅದರ ಗುಣವನ್ನು ಹೇಗೆ ಅಳೆದರು ಎಂಬುದನ್ನು ನಾವು ಈ ಹೊತ್ತು ಸಂಕ್ಷೇಪವಾಗಿ ವಿಚಾರ ಮಾಡೋಣ.

ಗ್ರೀಕ್ ವೈದ್ಯ ಹಿಪೊಕ್ರೆಟೀಸನ ಹೆಸರಿನಲ್ಲಿ ಬಂದಿರುವ, ಕೀಲುಗಳನ್ನು ಕುರಿತ ಗ್ರಂಥವು ಸುಮಾರು ಕ್ರಿ. ಪೂ. ೪೦೦ರ ಕಾಲದ್ದು. ಗೂನುಬೆನ್ನಿನ ರೋಗಿಯನ್ನು ಏಣಿಗೆ ಬಿಗಿದು, ಏಣಿಯನ್ನು ಮೇಲಕ್ಕೇರಿಸಿ, ಒಮ್ಮೆಗೇ ನೆಲಕ್ಕೆ ಬೀಳಬಿಡುವ ಪದ್ಧತಿ ಆಗ ಬಳಕೆಯಲ್ಲಿದ್ದಿತು. ಗ್ರಂಥಕರ್ತನು ಅದನ್ನು ವಿವರಿಸುತ್ತಾನೆ, ಆದರೆ ಮೆಚ್ಚುವುದಿಲ್ಲ. ಜನರನ್ನು ಬೆರಗುಗೊಳಿಸಬಯಸುವ ವೈದ್ಯರೇ ಇದನ್ನು ಹೆಚ್ಚಾಗಿ ನಡೆಸುವರೆಂದೂ, ನೆರೆದ ಗುಂಪು ಹೊಗಳುವುದಲ್ಲದೆ ಪರಿಣಾಮವೇನಾಯಿತೆಂದು ವಿಚಾರಿಸುವುದಿಲ್ಲವೆಂದೂ ಆತನು ಹಳಿಯುತ್ತಾನೆ. ರೋಗಿಯನ್ನು ಹಲಗೆಯ ಮೇಲೆ ಬೋರಲಾಗಿ ಮಲಗಿಸಿ, ತಲೆಯ ಕಡೆಗೂ ಕಾಲಿನ ಕಡೆಗೂ ಏಕಕಾಲದಲ್ಲಿ ಎಳೆಯುತ್ತ, ಗೂನಿನ ಮೇಲೆ ಕೈಯಿಂದ ಒತ್ತುವುದು ಆತನಿಗೆ ಸಮ್ಮತವಾದ ಕ್ರಮ. ೧೪೬೫ರಲ್ಲಿ ಅನಟೋಲಿಯದ ವೈದ್ಯ ಸಬುಂಜುಒಗ್ಲು ರಚಿಸಿದ ಶಸ್ತ್ರವೈದ್ಯದ ಸಚಿತ್ರ ಗ್ರಂಥದಲ್ಲಿಯೂ ಬೆನ್ನೆಲುಬನ್ನು ಎಳೆದು ಸರಿಪಡಿಸುವ ಕ್ರಮವಿದೆ.

ಇವರ ದೃಷ್ಟಿಯಿದ್ದುದು ಗೂನಿನ ಮೇಲೆ, ಸರಿದ ಎಲುಬಿನ ಮೇಲೆ. ಡಿಸ್ಕಿನ ಕಥೆ ಬಹಳ ಈಚಿನದು. ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯೇ ಡಿಸ್ಕು. ಅದು ಬಿರಿದು ಹೊರಚಾಚಿ ನರದ ಬುಡವನ್ನು ಒತ್ತಿದರೆ, ನೋವು ಸೊಂಟದಿಂದ ಕಾಲಿಗಿಳಿಯುವುದೆಂಬುದನ್ನು ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ೧೯೩೪ರಲ್ಲಿ ಸ್ಪಷ್ಟವಾಗಿ ಪ್ರಕಟಿಸಿದರು. ಹಳೆಯ ಚಿಕಿತ್ಸೆಗೆ ಆಗ ಹೊಸ ಕಾರಣವೊಂದು ದೊರೆಯಿತು: ಎಳೆದರೆ ಮಣಿಗಳ ನಡುವೆ ತೆರವಾಗಿ, ಹೊರಬಂದ ಭಾಗ ಒಳಸರಿದೀತು. ಲಂಡನ್ನಿನ ಜೇಮ್ಸ್ ಸಿರಿಯಾಕ್ಸ್ ಎಂಬ ವೈದ್ಯರು ೧೯೫೦ರ ದಶಕದಲ್ಲಿ ಈ ವಾದಕ್ಕೆ ಪ್ರಚಾರ ಕೊಟ್ಟರು.

ವಾದವು ಯುಕ್ತವಾಗಿ ತೋರಿದಮಾತ್ರಕ್ಕೆ ಔಷಧ ಸಿದ್ಧವಾಗದು. ಡಿಸ್ಕಿನ ನೋವು ಬಹುಮಂದಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಅವಧಿಯಲ್ಲಿ ಭಾರ ಕಟ್ಟಿ ಎಳೆದಿದ್ದರೆ ಕೀರ್ತಿ ಭಾರಕ್ಕೆ ಸಲ್ಲುತ್ತದೆ! ಆದುದರಿಂದ, ಎಳೆಸಿಕೊಂಡವರನ್ನು ಎಳೆಸಿಕೊಳ್ಳದವರೊಡನೆ ಹೋಲಿಸಿ ನೋಡುವುದು ಅಗತ್ಯ. ಇಂಥ ೩೨ ಪರೀಕ್ಷೆಗಳನ್ನು, ೨,೭೬೨ ಮಂದಿಯ ಅನುಭವವನ್ನು, ಕಾಕ್ರೇನ್ ಸಂಸ್ಥೆಯ ೨೦೧೩ರ ಸಮೀಕ್ಷೆಯು ಒಟ್ಟುಗೂಡಿಸಿತು. ನೋವಿನ ಮೇಲಾಗಲಿ ಓಡಾಟದ ಶಕ್ತಿಯ ಮೇಲಾಗಲಿ ಟ್ರ್ಯಾಕ್ಷನ್ನಿನ ಪರಿಣಾಮ ಅತ್ಯಲ್ಪ, ಅಥವಾ ಇಲ್ಲವೇ ಇಲ್ಲ ಎಂಬುದೇ ಅದರ ನಿರ್ಣಯ. ಪರೀಕ್ಷೆಗಳಲ್ಲಿ ಅನೇಕವು ದುರ್ಬಲವಾಗಿದ್ದವೆಂಬುದನ್ನೂ ಅದು ಮರೆಮಾಚಲಿಲ್ಲ. ೨೦೧೬ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯು, ಸೊಂಟನೋವಿಗೆ ಟ್ರ್ಯಾಕ್ಷನ್ ಕೊಡಬಾರದೆಂದು ವೈದ್ಯರಿಗೆ ಸೂಚಿಸಿತು.

ಪ್ರಾಚೀನರನ್ನು ನಾವು ಇದಕ್ಕಾಗಿ ನಗಬೇಕಾದುದಿಲ್ಲ. ಎಣಿಸಿ ನೋಡುವ ಸಾಧನ ಅವರಿಗಿರಲಿಲ್ಲ; ಆದರೂ ಪರಿಣಾಮವೇನಾಯಿತೆಂದು ಕೇಳಬೇಕೆಂಬ ವಿವೇಕ ಅವರಲ್ಲೊಬ್ಬನಿಗಿದ್ದಿತು. ಸಾಧನವಿರುವ ನಾವು ಆ ಪ್ರಶ್ನೆಯನ್ನು ಕೇಳದೆ, ಯಂತ್ರದ ಹೊಳಪಿಗೆ ಮರುಳಾದರೆ, ಏಣಿಯ ಸುತ್ತ ನಿಂತ ಗುಂಪಿಗಿಂತ ನಾವು ಮುಂದುವರಿದವರೆಂದು ಹೇಳಿಕೊಳ್ಳುವುದು ಕಷ್ಟ.